ಕರುಳಿನ ಕ್ಯಾನ್ಸರ್: ದಾದಿಯೂ ಮದ್ದಿನಂಗಡಿಯವನೂ ಕಲಿಯಬೇಕಾದ ಪಾಠ

ಮೈಸೂರಿನಿಂದ ಉದಕಮಂಡಲಕ್ಕೆ ಹೊರಟ ಪ್ರವಾಸಿಗರ ಪಾಲಿಗೆ ಗುಂಡ್ಲುಪೇಟೆಯೆಂದರೆ ಕಾಫಿಗಾಗಿ ಕಾರು ನಿಲ್ಲಿಸುವ ಊರು. ಹೂವಿನ ಕಾಲವಾದರೆ ರಸ್ತೆಯ ಅಕ್ಕಪಕ್ಕದ ಸೂರ್ಯಕಾಂತಿಯ, ಚೆಂಡುಹೂವಿನ ಹೊಲಗಳಲ್ಲಿ ನಿಂತು ಭಾವಚಿತ್ರ ತೆಗೆಸಿಕೊಂಡು, ಬಂಡೀಪುರದ ಕಾಡಿನಲ್ಲಿ ಆನೆ ಕಂಡೀತೆಂಬ ಆಸೆಯಿಂದ ಮುಂದಕ್ಕೆ ಸಾಗುವರು. ಊರಿನ ಮದ್ದಿನಂಗಡಿಗಳ ಕಡೆಗೆ ಅವರ ಕಣ್ಣು ಹರಿಯಲು ಕಾರಣವೇ ಇಲ್ಲ. ಆದರೆ ಬೇಗೂರು, ಹಂಗಳ, ತೆರಕಣಾಂಬಿಯ ಕಡೆಯ ಹಳ್ಳಿಗಳಿಂದ ಸಂತೆಗೋ ಕಚೇರಿಗೋ ಬಂದವರು, ಮೈಯಲ್ಲಿ ಏನಾದರೂ ತೊಂದರೆಯಿದ್ದರೆ, ಆಸ್ಪತ್ರೆಗೆ ಹೋಗುವ ಮೊದಲು, ಎಷ್ಟೋ ಸಲ ಆಸ್ಪತ್ರೆಗೆ ಬದಲಾಗಿಯೇ, ಎಡತಾಕುವ ಸ್ಥಳ ಅದು.

ಇಂಥ ಒಬ್ಬ ರೈತನನ್ನು ಕಲ್ಪಿಸಿಕೊಳ್ಳೋಣ. ವಯಸ್ಸು ಐವತ್ತರ ಒಳಗೆ. ಅಂಗಡಿಯಲ್ಲಿ ಹೆಂಗಸರು ಯಾರಾದರೂ ಇದ್ದರೆ ಅವರು ಹೋಗುವವರೆಗೆ ಕಾದಿದ್ದು, ಆಮೇಲೆ ದನಿ ತಗ್ಗಿಸಿ ಮೂಲವ್ಯಾಧಿಗೆ ಮುಲಾಮು ಕೇಳುತ್ತಾನೆ. ಮಲದಲ್ಲಿ ರಕ್ತ ಬಿದ್ದುದನ್ನು ಹೆಂಡತಿಗೂ ಹೇಳಿಲ್ಲ. ಶಸ್ತ್ರಚಿಕಿತ್ಸೆಯಿಲ್ಲದೆ ಮೂಲವ್ಯಾಧಿ, ಭಗಂದರ ಗುಣಪಡಿಸುವೆವೆಂದು ಗೋಡೆಗಳ ಮೇಲೆ ಬರೆಸಿದ ಜಾಹೀರಾತುಗಳನ್ನು ಓದಿ ತನಗಿರುವುದೂ ಅದೇ ಎಂದು ನಿಶ್ಚಯಿಸಿಕೊಂಡಿದ್ದಾನೆ. ಮುಲಾಮು ಸಿಗುತ್ತದೆ. ತಿಂಗಳು ಬಿಟ್ಟು ಮತ್ತೆ ಬರುತ್ತಾನೆ, ಇನ್ನೊಂದು ಕೊಳವೆ. ಹೀಗೆ ಆರು ತಿಂಗಳು ಕಳೆಯುವುದು ಕಷ್ಟವೇನಲ್ಲ. ಬಹುಮಂದಿಯ ವಿಷಯದಲ್ಲಿ ಅದು ನಿಜವಾಗಿಯೂ ಮೂಲವ್ಯಾಧಿಯೇ ಆಗಿರುತ್ತದೆ. ತೊಡಕಿರುವುದೂ ಅಲ್ಲಿಯೇ. ಉಳಿದ ಕೆಲವರಲ್ಲಿ ಗುದನಾಳದೊಳಗೆ ಗಂತಿಯೊಂದು ಬೆಳೆಯುತ್ತಿರುತ್ತದೆ. ಅದೂ ಅದೇ ರಕ್ತವನ್ನೇ ತೋರಿಸುತ್ತದೆ.

ಹೆಂಗಸರ ಕಥೆ ಬೇರೊಂದು ದಾರಿಯದು. ಸುಸ್ತು, ಏದುಸಿರು, ಬಿಳಿಚಿದ ಕಣ್ಣು. ರಕ್ತಹೀನತೆಯೆಂದು ಉಪಕೇಂದ್ರದ ದಾದಿ ಕಬ್ಬಿಣಾಂಶದ ಗುಳಿಗೆ ಕೊಡುತ್ತಾಳೆ. ಹೆರಿಗೆಯ ವಯಸ್ಸಿನವಳಾದರೆ ಅದು ಸರಿಯಾದ ಮೊದಲ ಹೆಜ್ಜೆಯೇ. ಆದರೆ ಮುಟ್ಟು ನಿಂತು ಹತ್ತು ವರ್ಷವಾದವಳಿಗೆ, ಅಥವಾ ಗಂಡಸಿಗೆ, ಕಬ್ಬಿಣದ ಕೊರತೆ ಬಂದರೆ ಆ ರಕ್ತ ಎಲ್ಲಿಗೆ ಹೋಯಿತೆಂದು ಕೇಳಬೇಕಲ್ಲವೆ? ದೊಡ್ಡ ಕರುಳಿನ ಬಲಭಾಗದಲ್ಲಿ ಹುಟ್ಟಿದ ಗಂತಿ ನೋವನ್ನೂ ಕೊಡದೆ, ಕಣ್ಣಿಗೆ ಕಾಣುವಂತೆ ರಕ್ತವನ್ನೂ ಸುರಿಸದೆ, ತಿಂಗಳುಗಟ್ಟಲೆ ತೊಟ್ಟು ತೊಟ್ಟಾಗಿ ಸೋರಿಸುತ್ತಿರುತ್ತದೆ. ಗುಳಿಗೆಯಿಂದ ರಕ್ತ ಕೊಂಚ ಏರುತ್ತದೆ, ಮತ್ತೆ ಇಳಿಯುತ್ತದೆ. ಸಾಲದ್ದಕ್ಕೆ ಕಬ್ಬಿಣದ ಗುಳಿಗೆಯೇ ಮಲವನ್ನು ಕಪ್ಪಾಗಿಸುವುದರಿಂದ, ಒಳಗಿನ ರಕ್ತಸ್ರಾವದಿಂದ ಕಪ್ಪಾದದ್ದಾವುದು, ಗುಳಿಗೆಯಿಂದ ಕಪ್ಪಾದದ್ದಾವುದು ಎಂಬ ಗೊಂದಲವೂ ಸೇರಿಕೊಳ್ಳುತ್ತದೆ.

2022ರ ಅಂದಾಜಿನಂತೆ ಜಗತ್ತಿನಲ್ಲಿ ಒಂದು ವರ್ಷಕ್ಕೆ 19 ಲಕ್ಷಕ್ಕೂ ಹೆಚ್ಚು ಮಂದಿಗೆ ದೊಡ್ಡ ಕರುಳು ಮತ್ತು ಗುದನಾಳದ ಕ್ಯಾನ್ಸರ್ ಹೊಸದಾಗಿ ಕಾಣಿಸಿಕೊಂಡಿತು. ಸುಮಾರು 9 ಲಕ್ಷ ಮಂದಿ ಅದರಿಂದ ತೀರಿಕೊಂಡರು. ಭಾರತದ ಪಾಲು ಸುಮಾರು 70 ಸಾವಿರ ಹೊಸ ರೋಗಿಗಳು. ಪಾಶ್ಚಾತ್ಯ ದೇಶಗಳಿಗೆ ಹೋಲಿಸಿದರೆ ನಮ್ಮಲ್ಲಿ ಈ ರೋಗ ವಿರಳವೇ. ಆದರೆ ಸಮಾಧಾನಪಡುವ ಮೊದಲು ಇನ್ನೆರಡು ಮಾತು ತಿಳಿಯಬೇಕು. ನಮ್ಮ ರೋಗಿಗಳಲ್ಲಿ ಕಿರಿಯ ವಯಸ್ಸಿನವರ ಪಾಲು ಅಲ್ಲಿಗಿಂತ ಹೆಚ್ಚು. ಗಂತಿ ಗುದನಾಳದಲ್ಲಿಯೇ ಇರುವುದೂ ಹೆಚ್ಚು. ಎಂದರೆ, ವೈದ್ಯರು ಕೈಗವಸು ತೊಟ್ಟು ಒಂದು ಬೆರಳಿನಿಂದ ಮುಟ್ಟಿ ನೋಡಿದರೆ ಸಿಕ್ಕಬಹುದಾದ ಎಷ್ಟೋ ಗಂತಿಗಳು ಸಂಕೋಚದಿಂದಾಗಿ ಸಿಕ್ಕದೆ ಹೋಗುತ್ತವೆ.

ಈ ರೋಗ ರಾತ್ರಿ ಬೆಳಗಾಗುವುದರೊಳಗೆ ಬರುವುದಲ್ಲ. ಕರುಳಿನ ಒಳಪದರದಲ್ಲಿ ಅಣಬೆಯಂತೆ ಏಳುವ ಪಾಲಿಪ್ ಎಂಬ ಪುಟ್ಟ ಬೆಳವಣಿಗೆ ಕ್ಯಾನ್ಸರಾಗಿ ಮಾರ್ಪಡಲು ಸಾಮಾನ್ಯವಾಗಿ ಹತ್ತು ವರ್ಷಗಳಷ್ಟು ಹಿಡಿಯುತ್ತದೆ. ಇಷ್ಟು ದೀರ್ಘ ಸಮಯಾವಕಾಶ ಕೊಡುವ ಶತ್ರು ಕ್ಯಾನ್ಸರುಗಳಲ್ಲಿ ಅಪರೂಪ. ಆದುದರಿಂದಲೇ ಹಲವು ದೇಶಗಳಲ್ಲಿ ನಿರ್ದಿಷ್ಟ ವಯಸ್ಸು ದಾಟಿದವರೆಲ್ಲರ ಮಲವನ್ನು ಪರೀಕ್ಷಿಸಿ, ಅದರಲ್ಲಿ ಅಡಗಿದ ರಕ್ತವಿದ್ದವರಿಗೆ ಕೊಲೊನೋಸ್ಕೊಪಿ ಮಾಡುವ ಏರ್ಪಾಡಿದೆ. ನಮ್ಮ ರಾಷ್ಟ್ರೀಯ ಕಾರ್ಯಕ್ರಮದಲ್ಲಿ 30 ವರ್ಷ ದಾಟಿದವರಿಗೆ ನಡೆಯುವ ತಪಾಸಣೆ ಬಾಯಿ, ಸ್ತನ ಮತ್ತು ಗರ್ಭಕೊರಳಿನ ಕ್ಯಾನ್ಸರುಗಳಿಗೆ ಸಂಬಂಧಿಸಿದ್ದು; ಕರುಳು ಆ ಪಟ್ಟಿಯಲ್ಲಿಲ್ಲ. ರೋಗ ಇಲ್ಲಿ ವಿರಳವೆಂಬುದನ್ನು ನೋಡಿದರೆ ಅದು ತಪ್ಪು ನಿರ್ಣಯವೆನ್ನಲಾಗದು. ಆದರೆ ಅದರ ಫಲವಾಗಿ ಗುಂಡ್ಲುಪೇಟೆಯಂಥ ತಾಲ್ಲೂಕಿನಲ್ಲಿ ಈ ರೋಗಕ್ಕೆ ಹಾಸಿರುವ ಬಲೆಯೆಂದರೆ ಇಬ್ಬರ ಕಿವಿಗಳು ಮಾತ್ರ: ಉಪಕೇಂದ್ರದ ದಾದಿಯದು, ಮದ್ದಿನಂಗಡಿಯ ಫಾರ್ಮಸಿಸ್ಟನದು.

ಕಿವಿಗೆ ಶಿಕ್ಷಣ ಬೇಕು. ಕೇಳಬೇಕಾದ ಪ್ರಶ್ನೆಗಳು ಬಹಳವಿಲ್ಲ. ರಕ್ತ ಎಷ್ಟು ದಿನದಿಂದ? ಮಲವಿಸರ್ಜನೆಯ ಕ್ರಮ ಈಚಿನ ವಾರಗಳಲ್ಲಿ ಬದಲಾಗಿದೆಯೆ? ಹೋಗಿ ಬಂದ ಮೇಲೂ ಇನ್ನೂ ಉಳಿದಿದೆಯೆಂಬ ಭಾವನೆಯೆ? ತೂಕ ಇಳಿದಿದೆಯೆ? ಮನೆಯಲ್ಲಿ ಯಾರಿಗಾದರೂ ಕರುಳಿನ ಕ್ಯಾನ್ಸರ್ ಇತ್ತೆ? ಪ್ರಶ್ನೆಗಳಿಗಿಂತ ಕಷ್ಟವಾದದ್ದು ಅವುಗಳನ್ನು ಕೇಳುವ ಭಾಷೆ. ವೈದ್ಯಕೀಯ ಪುಸ್ತಕದ ಮಾತು ಹಳ್ಳಿಯವನಿಗೆ ತಿಳಿಯದು. ಹಳ್ಳಿಯ ಮಾತನ್ನು ಗಲ್ಲಾದ ಮುಂದೆ ಗಟ್ಟಿಯಾಗಿ ಆಡುವಂತಿಲ್ಲ. ‘ಎರಡಕ್ಕೆ ಹೋಗುವುದು’, ‘ಹೊರಕಡೆ’, ‘ಬಯಲುಕಡೆ’ ಎಂಬ ಮರೆಮಾತುಗಳಲ್ಲಿಯೇ ಇಡೀ ಸಂಭಾಷಣೆ ಸಾಗಬೇಕು. ಅಂಗಡಿಯ ಪಕ್ಕದಲ್ಲಿ ಇಬ್ಬರು ನಿಲ್ಲುವಷ್ಟು ಮರೆಯಿದ್ದರೆ ಅರ್ಧ ಕೆಲಸವಾದಂತೆ. ರೋಗವನ್ನು ಗುರುತಿಸುವುದು ಫಾರ್ಮಸಿಸ್ಟನ ಕೆಲಸವಲ್ಲ. ಎರಡನೆಯ ಕೊಳವೆ ಮುಲಾಮು ಕೇಳಿದವನಿಗೆ ಮೂರನೆಯದನ್ನು ಕೊಡುವ ಮೊದಲು, ಒಮ್ಮೆ ಆಸ್ಪತ್ರೆಗೆ ಹೋಗಿ ತೋರಿಸಿಕೊಂಡು ಬಾ ಎಂದು ಹೇಳಿ, ಹೋದನೋ ಇಲ್ಲವೋ ಎಂದು ಮುಂದಿನ ಸಂತೆಯಲ್ಲಿ ವಿಚಾರಿಸುವುದು ಅವನ ಕೆಲಸ.

ಹಿಂದಿನ ಕಾಲದ ಕಂಪೌಂಡರನ್ನು ಹಿರಿಯ ಓದುಗರು ಮರೆತಿರಲಾರರು. ಬಣ್ಣದ ನೀರನ್ನು ಸೀಸೆಗೆ ತುಂಬಿ, ಒಂದೊಂದು ವೇಳೆಗೆ ಎಷ್ಟೆಂದು ತೋರಿಸಲು ಹಲ್ಲುಹಲ್ಲಾಗಿ ಕತ್ತರಿಸಿದ ಕಾಗದದ ಪಟ್ಟಿಯನ್ನು ಅದರ ಮೈಗೆ ಅಂಟಿಸುತ್ತಿದ್ದ ಆ ಕೈಗಳ ಕೌಶಲ ಈಗ ಬೇಕಿಲ್ಲ. ಇಂದು ಎಲ್ಲ ಮದ್ದೂ ತಯಾರಾಗಿಯೇ ಬರುತ್ತದೆ. ಕಲಬತ್ತಿನ ಕೆಲಸ ಹೋಯಿತು. ಅದರ ಜಾಗಕ್ಕೆ ಬಂದಿರುವುದು ತಿಳಿವಳಿಕೆಯ ಕೆಲಸ. ಕಾನೂನು ಇದನ್ನು ಒಪ್ಪಿಕೊಂಡಿದೆ, ಆದರೆ ಅರೆಮನಸ್ಸಿನಿಂದ. ಭಾರತೀಯ ನರ್ಸಿಂಗ್ ಪರಿಷತ್ತು ದಾದಿಯರ ನೋಂದಣಿಯ ನವೀಕರಣಕ್ಕೆ ಐದು ವರ್ಷಗಳಲ್ಲಿ 150 ಗಂಟೆಗಳ ಮುಂದುವರಿದ ಶಿಕ್ಷಣವನ್ನು ನಿಗದಿಪಡಿಸಿತು. ಫಾರ್ಮಸಿಸ್ಟರ ವಿಷಯದಲ್ಲಿ 2015ರ ನಿಯಮಾವಳಿ ಕೇಳುವುದು ಐದು ವರ್ಷಗಳಲ್ಲಿ ಒಂದೊಂದು ದಿನದ ಎರಡು ಪುನರ್ಮನನ ಶಿಬಿರಗಳನ್ನು ಮಾತ್ರ. ಎರಡು ದಿನ! ಬಸ್ಸಿನಲ್ಲಿ ಹೋಗಿ ಬರುವುದು, ಸ್ವಾಗತ ಭಾಷಣ, ಊಟ ಇವುಗಳನ್ನು ಕಳೆದರೆ ಉಳಿಯುವುದೆಷ್ಟು?

ಆದರೆ ಕಲಿಸುವವರು ದೂರದಲ್ಲಿಲ್ಲ. ಗುಂಡ್ಲುಪೇಟೆಯ ಮೂಲಕ ಹಾದುಹೋಗುವ ರಸ್ತೆಯ ಒಂದು ತುದಿಯಾದ ಮೈಸೂರಿನಲ್ಲಿ 1973ರಲ್ಲಿ, ಇನ್ನೊಂದು ತುದಿಯಾದ ಉದಕಮಂಡಲದಲ್ಲಿ 1980ರಲ್ಲಿ ಸ್ಥಾಪನೆಯಾದ ಜೆ.ಎಸ್.ಎಸ್. ಫಾರ್ಮಸಿ ಕಾಲೇಜುಗಳಿವೆ. ರೋಗಿಯ ಹಾಸಿಗೆಯ ಬಳಿಗೆ ಫಾರ್ಮಸಿಸ್ಟನನ್ನು ಕರೆತಂದ ಶಿಕ್ಷಣ ಭಾರತದಲ್ಲಿ ಮೊದಲು ಬೇರೂರಿದುದು 1990ರ ದಶಕದಲ್ಲಿ ಈ ಎರಡು ಊರುಗಳಲ್ಲಿಯೇ ಎಂಬುದು ಈ ಸೀಮೆಯವರು ಹೆಮ್ಮೆಪಡುವ ಸಂಗತಿ. ಚಾಮರಾಜನಗರದಲ್ಲಿ 2016ರಲ್ಲಿ ವೈದ್ಯಕೀಯ ವಿಜ್ಞಾನ ಸಂಸ್ಥೆ ಆರಂಭವಾಯಿತು. ಯಡಬೆಟ್ಟದ ಬಳಿಯ ಅದರ 450 ಹಾಸಿಗೆಗಳ ಬೋಧನಾ ಆಸ್ಪತ್ರೆಯನ್ನು 2021ರ ಅಕ್ಟೋಬರಿನಲ್ಲಿ ಅಂದಿನ ರಾಷ್ಟ್ರಪತಿ ರಾಮನಾಥ ಕೋವಿಂದರು ಉದ್ಘಾಟಿಸಿದರು. 1997ರವರೆಗೆ ಮೈಸೂರು ಜಿಲ್ಲೆಯ ಒಂದು ಮೂಲೆಯಾಗಿದ್ದ ನಾಡಿಗೆ ಇದು ಸಣ್ಣ ಬದಲಾವಣೆಯಲ್ಲ. ಕ್ಯಾನ್ಸರಿನ ದೊಡ್ಡ ಚಿಕಿತ್ಸೆಗೆ ಈಗಲೂ ಮೈಸೂರಿಗೆ, ಇಲ್ಲವೆ ಬೆಂಗಳೂರಿನ ಕಿದ್ವಾಯಿ ಸ್ಮಾರಕ ಸಂಸ್ಥೆಗೆ ಪ್ರಯಾಣ ಮಾಡುವವರು ಬಹಳ. ಆದರೆ ಚಿಕಿತ್ಸೆ ಮುಗಿಸಿಕೊಂಡು, ಅಥವಾ ಅರ್ಧದಲ್ಲಿ, ರೋಗಿ ಹಿಂದಿರುಗುವುದು ಊರಿಗೇ.

ಹಿಂದಿರುಗುವಾಗ ಅವನ ಕೈಚೀಲದಲ್ಲಿ ಗುಳಿಗೆಗಳಿರುತ್ತವೆ. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಚಾರ್ಲ್ಸ್ ಹೈಡಲ್‌ಬರ್ಗರ್ ಮತ್ತು ಸಂಗಡಿಗರು 1957ರಲ್ಲಿ ಪ್ರಕಟಪಡಿಸಿದ ಫ್ಲೂರೋಯುರಾಸಿಲ್ ಎಂಬ ಮದ್ದು ಇಂದಿಗೂ ಈ ರೋಗದ ಚಿಕಿತ್ಸೆಗೆ ತಳಹದಿ. ಅದನ್ನು ರಕ್ತನಾಳದ ಮೂಲಕ ಕೊಡಬೇಕು. ನುಂಗಿದ ಮೇಲೆ ಶರೀರದೊಳಗೆ ಅದೇ ಮದ್ದಾಗಿ ಮಾರ್ಪಡುವ ಕ್ಯಾಪೆಸಿಟಬೀನ್ ಗುಳಿಗೆಗೆ 2001ರಲ್ಲಿ ಅಮೆರಿಕದಲ್ಲಿ ಕರುಳಿನ ಕ್ಯಾನ್ಸರಿನ ಚಿಕಿತ್ಸೆಗಾಗಿ ಅನುಮತಿ ದೊರೆಯಿತು. ರೋಗಿ ಆಸ್ಪತ್ರೆಯಲ್ಲಿ ಮಲಗಬೇಕಾದ ಕಷ್ಟ ತಪ್ಪಿತು. ಎಚ್ಚರದ ಹೊಣೆ ಮನೆಯವರ ಮೇಲೆ, ದಾದಿಯ ಮೇಲೆ, ಫಾರ್ಮಸಿಸ್ಟನ ಮೇಲೆ ಬಂತು. ಸಾಮಾನ್ಯ ಕ್ರಮವೆಂದರೆ 14 ದಿನ ಬೆಳಿಗ್ಗೆ ಸಂಜೆ, ಊಟವಾದ ಅರ್ಧ ಗಂಟೆಯೊಳಗೆ. ಆಮೇಲೆ 7 ದಿನ ಬಿಡುವು. ಬಿಡುವಿನ ವಾರವೂ ಚಿಕಿತ್ಸೆಯ ಭಾಗವೇ ಎಂಬುದನ್ನು ಯಾರೂ ಬಿಡಿಸಿ ಹೇಳದಿದ್ದರೆ, ಗುಳಿಗೆ ನಿಲ್ಲಿಸಿದರೆ ರೋಗ ಹೆಚ್ಚೀತೆಂಬ ಭಯದಿಂದ ಏಳು ದಿನವೂ ನುಂಗುವವರಿರಬಹುದು. ಅದರ ಪರಿಣಾಮ ಪ್ರಾಣಾಂತಿಕವಾಗಬಹುದು.

ದಿನಕ್ಕೆ ಎಂದಿಗಿಂತ ನಾಲ್ಕು ಸಲ ಹೆಚ್ಚಾಗಿ ಭೇದಿಯಾದರೆ, ಅಥವಾ ರಾತ್ರಿ ಎದ್ದು ಹೋಗುವಂತಾದರೆ, ಗುಳಿಗೆಯನ್ನು ಅಲ್ಲಿಗೇ ನಿಲ್ಲಿಸಿ ವೈದ್ಯರಿಗೆ ತಿಳಿಸಬೇಕು. ಭೇದಿ ನಿಲ್ಲುವ ಮದ್ದನ್ನು ಮಾತ್ರ ಕೊಟ್ಟು ಕಳುಹಿಸುವುದು ಅಂಗಡಿಗಳಲ್ಲಿ ಎಷ್ಟು ಸಹಜವೋ ಇಲ್ಲಿ ಅಷ್ಟೇ ಅಪಾಯ. ಕೆಲವರ ದೇಹದಲ್ಲಿ ಈ ಮದ್ದನ್ನು ಕರಗಿಸುವ ಕಿಣ್ವ ಹುಟ್ಟಿನಿಂದಲೇ ಕಡಿಮೆ. ಅಂಥವರಲ್ಲಿ ಮೊದಲ ಸುತ್ತಿನಲ್ಲಿಯೇ ಬಾಯಿಹುಣ್ಣೂ ಭೇದಿಯೂ ವಿಪರೀತವಾಗಿ ಕಾಣಿಸಿಕೊಳ್ಳುತ್ತವೆ. ಹೃದ್ರೋಗಿಗಳು ರಕ್ತ ಹೆಪ್ಪುಗಟ್ಟದಿರಲೆಂದು ತೆಗೆದುಕೊಳ್ಳುವ ವಾರ್ಫರಿನ್, ಮೂರ್ಛೆರೋಗದ ಫೆನಿಟಾಯಿನ್ ಇವೆರಡರ ಬಲವನ್ನೂ ಕ್ಯಾಪೆಸಿಟಬೀನ್ ಹೆಚ್ಚಿಸಬಲ್ಲದು. ಮೂರು ಮದ್ದುಗಳನ್ನು ಮೂರು ಕಡೆಯ ವೈದ್ಯರು ಬರೆದುಕೊಟ್ಟಿರಬಹುದು. ಮೂರನ್ನೂ ಒಟ್ಟಿಗೆ ಕಾಣುವ ಕಣ್ಣು ಫಾರ್ಮಸಿಸ್ಟನದೊಂದೇ. ಇನ್ನು, ಸೊರಗಿದ ಮುಖ ನೋಡಿ ಕನಿಕರದಿಂದ ಕೊಡುವ ‘ಶಕ್ತಿಯ ಟಾನಿಕ್ಕು’! ಅದರಲ್ಲಿರುವ ಫೋಲಿಕ್ ಆಮ್ಲ ಈ ಮದ್ದಿನ ವಿಷಮ ಪರಿಣಾಮವನ್ನು ಹೆಚ್ಚಿಸಬಹುದೆಂಬುದು ಕೊಡುವವನಿಗೂ ತಿಳಿದಿರುವುದಿಲ್ಲ.

ಅಂಗೈ ಅಂಗಾಲುಗಳು ಕೆಂಪೇರಿ, ಉರಿದು, ಸಿಪ್ಪೆ ಸುಲಿಯುವುದು ಇದರ ಇನ್ನೊಂದು ಪರಿಣಾಮ. ಕಚೇರಿಯಲ್ಲಿ ಕುಳಿತು ಕೆಲಸ ಮಾಡುವವರು ಹೇಗೋ ಸಹಿಸಿಯಾರು. ಅರಿಸಿನದ ಹೊಲದಲ್ಲಿ ಕಳೆ ಕೀಳುವವಳು, ಬಾಳೆಗೊನೆ ಹೊರುವವನು, ಹರಕೆ ಹೊತ್ತು ಬರಿಗಾಲಿನಲ್ಲಿ ಮಹದೇಶ್ವರನ ಬೆಟ್ಟಕ್ಕೆ ನಡೆಯುವವರು ಏನು ಮಾಡಬೇಕು? ಬಿಸಿನೀರಿನಿಂದ ದೂರವಿರುವುದು, ಮೆತ್ತನೆಯ ಪಾದರಕ್ಷೆ, ಚರ್ಮ ಒಣಗದಂತೆ ಲೇಪನ ಇವು ಹಳೆಯ ಉಪದೇಶಗಳು. ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆಯವರು 264 ರೋಗಿಗಳನ್ನು ಪರೀಕ್ಷೆಗೆ ಒಳಪಡಿಸಿ 2024ರಲ್ಲಿ ಪ್ರಕಟಿಸಿದ ಫಲಿತಾಂಶ ಹೊಸದು. ಮಂಡಿನೋವಿಗೆ ಹಚ್ಚುವ ಡೈಕ್ಲೊಫೆನಾಕ್ ಲೇಪನವನ್ನು ಅಂಗೈಗೆ ಹಚ್ಚಿಕೊಂಡವರಲ್ಲಿ ಈ ತೊಂದರೆ ತೀವ್ರವಾದುದು ನೂರಕ್ಕೆ 4ಕ್ಕಿಂತ ಕಡಿಮೆ ಮಂದಿಗೆ. ಮದ್ದಿಲ್ಲದ ಲೇಪನ ಹಚ್ಚಿದವರಲ್ಲಿ ನೂರಕ್ಕೆ 15 ಮಂದಿಗೆ. ಯಾವ ಹಳ್ಳಿಯ ಅಂಗಡಿಯಲ್ಲಾದರೂ ಸಿಗುವ ಅಗ್ಗದ ಮದ್ದು! ಇದರ ಸುದ್ದಿ 2010ರಲ್ಲಿ ಡಿಪ್ಲೊಮಾ ಮುಗಿಸಿದವನಿಗೆ ಯಾರ ಮೂಲಕ ತಲುಪಬೇಕು? ಮುಂದುವರಿದ ಶಿಕ್ಷಣವೆಂಬ ಶುಷ್ಕ ಹೆಸರಿನ ಹಿಂದೆ ಇರುವುದು ಇಂಥ ವಿಷಯಗಳೇ.

ಆಕ್ಸಾಲಿಪ್ಲಾಟಿನ್ ಎಂಬ ಇನ್ನೊಂದು ಮದ್ದನ್ನು 1976ರಲ್ಲಿ ಜಪಾನಿನ ನಗೋಯಾದಲ್ಲಿ ಯೋಶಿನೋರಿ ಕಿದಾನಿ ತಯಾರಿಸಿದರು. ಅದನ್ನು ಪಡೆದವರಿಗೆ ಕೆಲವು ದಿನ ತಣ್ಣನೆಯ ಯಾವ ವಸ್ತುವೂ ಆಗದು. ತಣ್ಣೀರು ಮುಟ್ಟಿದರೆ ಬೆರಳು ಜುಮುಗುಟ್ಟುತ್ತದೆ. ಕುಡಿದರೆ ಗಂಟಲು ಹಿಡಿದುಕೊಂಡು ಉಸಿರೇ ನಿಂತಂತಾಗುತ್ತದೆ. ಗೋಪಾಲಸ್ವಾಮಿ ಬೆಟ್ಟದ ತಪ್ಪಲಿನಲ್ಲಿ ಮಾಗಿಯ ಬೆಳಗು ಹೇಗಿರುತ್ತದೆಂದು ಬಲ್ಲವರಿಗೆ ಇದರ ಅರ್ಥ ಹೇಳಬೇಕಾಗಿಲ್ಲ. ಮುಂಜಾನೆ ಹಿತ್ತಲಿನ ತೊಟ್ಟಿಯ ನೀರಿಗೆ ಕೈಯಿಡಬೇಡ, ಕಾಯಿಸಿದ ನೀರನ್ನು ಬೆಚ್ಚಗೆ ಮಾಡಿ ಕುಡಿ ಎಂದು ದಾದಿ ಮೊದಲೇ ಹೇಳಿದ್ದರೆ, ಮನೆಯವರು ಹೆದರಿ ರಾತ್ರೋರಾತ್ರಿ ಮೈಸೂರಿಗೆ ಓಡುವುದು ತಪ್ಪುತ್ತದೆ.

ಎಲ್ಲಕ್ಕಿಂತ ಕಠಿನವಾದುದು ಸ್ಟೋಮಾ. ಗುದನಾಳದ ಗಂತಿ ತೆಗೆದಾಗ ಕೆಲವರಲ್ಲಿ ಕೆಲವು ತಿಂಗಳ ಮಟ್ಟಿಗೆ, ಕೆಲವರಲ್ಲಿ ಜೀವಮಾನಕ್ಕೆ, ಕರುಳಿನ ತುದಿಯನ್ನು ಹೊಟ್ಟೆಯ ಮೇಲೆ ತೆರೆದು ಮಲವನ್ನು ಚೀಲದಲ್ಲಿ ಹಿಡಿಯಬೇಕಾಗುತ್ತದೆ. ಈ ಚೀಲದ ಚರಿತ್ರೆಯೇ ಒಬ್ಬ ದಾದಿಯ ಚರಿತ್ರೆ. ಡೆನ್ಮಾರ್ಕಿನ ಎಲೀಸ್ ಸೊರೆನ್‌ಸೆನ್ ಮನೆಮನೆಗೆ ಹೋಗಿ ಶುಶ್ರೂಷೆ ಮಾಡುತ್ತಿದ್ದವರು. ಅವರ ತಂಗಿ ಥೋರಾಗೆ ಈ ಶಸ್ತ್ರಚಿಕಿತ್ಸೆಯಾಯಿತು. ಸೋರಿಕೆಯ ಭಯದಿಂದ ಆಕೆ ಮನೆಯಿಂದ ಹೊರಗೆ ಬರುವುದನ್ನೇ ಬಿಟ್ಟಳು. ಆಗ ಇದ್ದುದು ಬಟ್ಟೆ, ಲೋಹ, ರಬ್ಬರಿನ ಒರಟು ಸಾಧನಗಳು. 1954ರಲ್ಲಿ ಎಲೀಸ್, ಚರ್ಮಕ್ಕೆ ಅಂಟಿಕೊಳ್ಳುವ, ಬಳಸಿ ಬಿಸಾಡಬಹುದಾದ ಪ್ಲಾಸ್ಟಿಕ್ ಚೀಲವನ್ನು ಯೋಚಿಸಿದರು. ಪ್ಲಾಸ್ಟಿಕ್ ತಯಾರಕ ಓಗ ಲೂಯಿ ಹಾನ್ಸೆನ್ ಮೊದಲು ಒಪ್ಪಲಿಲ್ಲ. ತಾನೂ ದಾದಿಯಾಗಿದ್ದ ಅವರ ಪತ್ನಿ ಬಲವಂತಪಡಿಸಿದ ಮೇಲೆ ಚೀಲ ತಯಾರಾಯಿತು. ಅಮೆರಿಕದ ಕ್ಲೀವ್‌ಲೆಂಡಿನಲ್ಲಿ, ಸ್ವತಃ ಸ್ಟೋಮಾ ಇದ್ದ ನಾರ್ಮಾ ಗಿಲ್ ಎಂಬ ಮಹಿಳೆಯನ್ನು ಶಸ್ತ್ರವೈದ್ಯ ರೂಪರ್ಟ್ ಟರ್ನ್‌ಬುಲ್ 1958ರಲ್ಲಿ ರೋಗಿಗಳಿಗೆ ಕಲಿಸಲು ಕರೆತಂದರು. ಈ ವಿದ್ಯೆಗೆಂದೇ ಮೊದಲ ಶಾಲೆ 1961ರಲ್ಲಿ ಅಲ್ಲಿ ತೆರೆಯಿತು. ರೋಗಿಯೇ ಗುರುವಾದ ಈ ಘಟನೆ ಇಂದಿಗೂ ಸ್ಟೋಮಾ ಶುಶ್ರೂಷೆಯವರಿಗೆ ಸ್ಫೂರ್ತಿ.

ಆದರೆ ಕ್ಲೀವ್‌ಲೆಂಡಿನ ಪಾಠ ಚಾಮರಾಜನಗರಕ್ಕೆ ಹಾಗೆಯೇ ಒಗ್ಗದು. ಶಸ್ತ್ರಚಿಕಿತ್ಸೆಗೆ ಮುಂಚೆ ರೋಗಿಯನ್ನು ನಿಲ್ಲಿಸಿ, ಕೂರಿಸಿ, ಬಾಗಿಸಿ ನೋಡಿ ಸ್ಟೋಮಾದ ಸ್ಥಾನವನ್ನು ಗುರುತು ಹಾಕಬೇಕೆಂಬುದು ಎಲ್ಲ ಪುಸ್ತಕಗಳಲ್ಲಿಯೂ ಇದೆ. ಲಂಗದ ಲಾಡಿ ಬಿಗಿಯುವ ಗೆರೆ ಎಲ್ಲಿ, ಪಂಚೆಯ ಗಂಟು ಎಲ್ಲಿ, ಕುಕ್ಕರಗಾಲಿನಲ್ಲಿ ಕುಳಿತು ಕಳೆ ಕೀಳುವಾಗ ಹೊಟ್ಟೆಯ ಮಡಿಕೆ ಎಲ್ಲಿ ಬೀಳುತ್ತದೆ ಎಂಬುದನ್ನು ನಮ್ಮ ದಾದಿ ತನ್ನ ಕಣ್ಣಿನಿಂದಲೇ ಸೇರಿಸಿಕೊಳ್ಳಬೇಕು. ಚೀಲದ ಅಂಟುಬಿಲ್ಲೆಯ ರಂಧ್ರವನ್ನು ಸ್ಟೋಮಾದ ಅಳತೆಗೆ ಸರಿಯಾಗಿ ಕತ್ತರಿಸದಿದ್ದರೆ ಸುತ್ತಲಿನ ಚರ್ಮ ಬೆಂದಂತಾಗುತ್ತದೆ. ಅಂಟುಬಿಲ್ಲೆಯ ಖರ್ಚು ಉಳಿಸಲು ಬಟ್ಟೆಯನ್ನೋ ಪ್ಲಾಸ್ಟಿಕ್ ಹಾಳೆಯನ್ನೋ ಕಟ್ಟಿಕೊಂಡು ದಿನ ನೂಕಿದರೂ ಗತಿ ಅದೇ. ಸಣ್ಣ ಕರುಳಿನ ಸ್ಟೋಮಾ ಆದರೆ ನೀರೂ ಉಪ್ಪೂ ಹರಿದುಹೋಗುತ್ತವೆ. ಬರಿಯ ನೀರು ಕುಡಿದು ಸಾಲದು, ಓ.ಆರ್.ಎಸ್. ಬೇಕು. ಮುದ್ದೆ ಉಣ್ಣಬಹುದೆ, ದೇವಸ್ಥಾನಕ್ಕೆ ಹೋಗಬಹುದೆ, ಮಗಳ ಮದುವೆಯಲ್ಲಿ ಹಸೆಯ ಬಳಿ ಕೂರಬಹುದೆ? ರೋಗಿ ಮನಸ್ಸಿನಲ್ಲಿಯೇ ಕೇಳಿಕೊಳ್ಳುವ ಪ್ರಶ್ನೆಗಳು ಇವು. ದಾದಿ ತಾನಾಗಿಯೇ ಈ ಮಾತು ಎತ್ತಿ, ಎಲ್ಲಕ್ಕೂ ಹೌದೆಂದು ಹೇಳಬಹುದು. ಮುದ್ದೆಯನ್ನು ಶಸ್ತ್ರಚಿಕಿತ್ಸೆಯ ಮೊದಲ ವಾರಗಳು ಕಳೆದ ಮೇಲೆ ಸ್ವಲ್ಪ ಸ್ವಲ್ಪವಾಗಿ ಆರಂಭಿಸಿದರಾಯಿತು.

ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಪೋಡುಗಳಲ್ಲಿ ನಲ್ಲಿಯ ನೀರೂ ಒಂದು ಪ್ರಶ್ನೆ. ಡಾ. ಎಚ್. ಸುದರ್ಶನ್ 1981ರಲ್ಲಿ ಅಲ್ಲಿ ಕಟ್ಟಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ, ಬುಡಕಟ್ಟಿನ ಹೆಣ್ಣುಮಕ್ಕಳಿಗೇ ಶುಶ್ರೂಷೆಯ ತರಬೇತಿ ಕೊಟ್ಟು ಅವರ ಜನರ ನಡುವೆ ಕೆಲಸಕ್ಕೆ ಕಳುಹಿಸಿದ ಸಂಸ್ಥೆ. ಭಾಷೆ ಬಲ್ಲ, ಸಂಕೋಚ ಬಲ್ಲ ದಾದಿ ಒಬ್ಬಳು ಹತ್ತು ಶಿಬಿರಗಳಿಗೆ ಸಮ.

ಚಿಕಿತ್ಸೆ ಫಲಿಸದವರಿಗೆ ನೋವು ನಿವಾರಣೆಯ ಪಾಠ ಮೂರನೆಯ ರಸ್ತೆಯಿಂದ ಬರಬಹುದು. ಗುಂಡ್ಲುಪೇಟೆಯಿಂದ ಸುಲ್ತಾನ್ ಬತ್ತೇರಿಯ ಮೂಲಕ ಹೋಗುವ ದಾರಿಯ ಕೊನೆಯಲ್ಲಿರುವ ಕೋಳಿಕ್ಕೋಡಿನಲ್ಲಿ 1993ರಲ್ಲಿ ಹುಟ್ಟಿದ ಉಪಶಮನ ಚಿಕಿತ್ಸೆಯ ಚಳವಳಿ, ಮನೆಮನೆಗೆ ಹೋಗುವ ದಾದಿಯನ್ನೇ ಆಧಾರಸ್ತಂಭವಾಗಿ ಇಟ್ಟುಕೊಂಡು ಬೆಳೆಯಿತು. ಮಾರ್ಫಿನ್ ಕೊಡುವ ದಿನವೇ ಮಲಬದ್ಧತೆಗೆ ಮದ್ದನ್ನೂ ಕೊಡಬೇಕೆಂಬ ಸಣ್ಣ ನಿಯಮ, ಕರುಳಿನ ರೋಗಿಯಲ್ಲಿ ಕರುಳು ಕಟ್ಟಿಕೊಂಡಿದೆಯೆ ಎಂದು ಮೊದಲು ನೋಡಬೇಕೆಂಬ ಎಚ್ಚರ, ಇವು ಅಲ್ಲಿ ದಾದಿಯರು ಮನೆಯ ಜಗಲಿಯ ಮೇಲೆ ಕುಳಿತು ಕಲಿತವು.

ಗುಣವಾದವರಿಗೂ ಪಾಠ ಮುಗಿಯುವುದಿಲ್ಲ. ಐದು ವರ್ಷ ಕಾಲಕಾಲಕ್ಕೆ ರಕ್ತಪರೀಕ್ಷೆ, ಒಂದು ವರ್ಷಕ್ಕೆ ಕೊಲೊನೋಸ್ಕೊಪಿ. ನಮ್ಮ ಮನೆಗಳಲ್ಲಿ ರೋಗಿಯೆಂದರೆ ಮಲಗಿಸಿ ಇಡುವುದೇ ಪ್ರೀತಿ. ಆದರೆ 889 ರೋಗಿಗಳ ಮೇಲೆ ನಡೆದು 2025ರಲ್ಲಿ ಪ್ರಕಟವಾದ ಪರೀಕ್ಷೆಯೊಂದರಲ್ಲಿ, ಶಸ್ತ್ರಚಿಕಿತ್ಸೆ, ಔಷಧ ಚಿಕಿತ್ಸೆಗಳಾದ ಮೇಲೆ ಮೂರು ವರ್ಷ ಮಾರ್ಗದರ್ಶಕರ ನೆರವಿನಿಂದ ಕ್ರಮವಾಗಿ ವ್ಯಾಯಾಮ ಮಾಡಿದವರಲ್ಲಿ ನೂರಕ್ಕೆ 80 ಮಂದಿ ಐದು ವರ್ಷ ಕಳೆದರೂ ರೋಗ ಮರುಕಳಿಸದೆ ಉಳಿದರು. ಬರಿಯ ಕೈಪಿಡಿ ಪಡೆದವರಲ್ಲಿ ನೂರಕ್ಕೆ 74. ಚುರುಕಾದ ನಡಿಗೆಯೇ ಅದಕ್ಕೆ ಸಾಕಾಗುವ ಸಾಧನ. ಇನ್ನು ಒಡಹುಟ್ಟಿದವರು, ಮಕ್ಕಳು. ಅವರು 40ನೆಯ ವಯಸ್ಸಿನಲ್ಲಿ, ಅಥವಾ ಮನೆಯವರಿಗೆ ರೋಗ ಕಂಡ ವಯಸ್ಸಿಗಿಂತ ಹತ್ತು ವರ್ಷ ಮೊದಲು, ಯಾವುದು ಮುಂಚೆಯೋ ಆಗ ಪರೀಕ್ಷೆ ಮಾಡಿಸಿಕೊಳ್ಳಬೇಕು. ತಂದೆಗೆ 48ರಲ್ಲಿ ರೋಗ ಕಂಡಿದ್ದರೆ ಮಗನ ಲೆಕ್ಕ 38. ಹೆರಿಗೆಯ ದಿನಾಂಕ, ಲಸಿಕೆಯ ದಿನಾಂಕಗಳನ್ನು ಬರೆದಿಡುವ ದಾದಿಯ ದಫ್ತರದಲ್ಲಿ ಆ ವರ್ಷವನ್ನೂ ಬರೆದಿಡಲು ಒಂದು ಸಾಲು ಸಾಕು.